ಏರ್‌ಟೈಟ್ ಡಬ್ಬಿಗಳು: ರಾಯಚೂರಿನ ನಮ್ಮ ಅಡುಗೆ ಮನೆಯಲ್ಲಿ ಒಂದು ವರ್ಷ ಬಳಸಿದ ಮೇಲೆ

ಕಟಕ ರೊಟ್ಟಿ ಮುರಿದರೆ ಸದ್ದು ಬರಬೇಕು. ಸದ್ದು ಬರಲಿಲ್ಲ ಅಂದರೆ ಡಬ್ಬಿ ಎಷ್ಟೇ ಚೆಂದ ಇದ್ದರೂ ಕೊಟ್ಟ ದುಡ್ಡು ದಂಡ. ಒಂದು ವರ್ಷದಿಂದ ನಮ್ಮ ಮನೆಯ ಡಬ್ಬಿಗಳನ್ನು ನಾನು ತೂಗಿ ನೋಡುತ್ತಿರುವುದು ಇದೊಂದೇ ಅಳತೆಯಿಂದ.

ಕಳೆದ ಜುಲೈನಲ್ಲಿ ರಾಯಚೂರಲ್ಲೇ ಮನೆ ಬದಲಾಯಿಸಿದೆವು. ಹೊಸ ಮನೆಯ ಅಡುಗೆ ಕೋಣೆಯಲ್ಲಿ ಸಾಮಾನಿಗೆ ಅಂತಲೇ ಐದು ಖಾನೆಯ ಗೋಡೆ ಕಪಾಟು ಇದೆ. ಅಲ್ಲಿವರೆಗೆ ನಮ್ಮದು ಅರ್ಧ ಸ್ಟೀಲ್ ಡಬ್ಬಿ, ಅರ್ಧ ಪ್ಲಾಸ್ಟಿಕ್ ಚೀಲದ ಸಂಸಾರ. ಚೀಲದ ಬಾಯಿಗೆ ರಬ್ಬರ್ ಬ್ಯಾಂಡು, ಅದನ್ನು ಇನ್ನೊಂದು ಚೀಲದಲ್ಲಿ ಸುತ್ತಿ ಮೂಲೆಗೆ ಇಡುವುದು, ಹುಡುಕುವಾಗ ಎಲ್ಲವನ್ನೂ ಹೊರಗೆ ತೆಗೆಯುವುದು. ಈ ಸಲ ಸರಿಯಾಗಿ ಜೋಡಿಸಬೇಕು ಅಂತ ಮನಸ್ಸು ಮಾಡಿ ಡಬ್ಬಿ ಕೊಳ್ಳಲು ಹೊರಟೆ. ಒಂದೇ ಸಲಕ್ಕೆ ಎಲ್ಲಾ ತರಲಿಲ್ಲ, ಒಂದು ವರ್ಷದಲ್ಲಿ ಮೂರು ಸಲ ತಂದೆ. ಮೊದಲ ಸಲ ಆನ್‌ಲೈನ್‌ನಲ್ಲಿ ಹನ್ನೆರಡರ ಸೆಟ್, ಮುಚ್ಚಳದ ನಡುವೆ ಬಟನ್ ಒತ್ತಿ ಬಿಗಿ ಮಾಡುವಂಥದ್ದು. ಎರಡನೇ ಸಲ ತೀನ್ ಕಂದೀಲ್ ಹತ್ತಿರದ ಪಾತ್ರೆ ಅಂಗಡಿಯಲ್ಲಿ ನಾಲ್ಕು ಕಡೆ ಲಾಕ್ ಬರುವ ಆರು ಡಬ್ಬಿ. ಆಮೇಲೆ ಅದೇ ಅಂಗಡಿಯಲ್ಲಿ ಗಾಜಿನವು ನಾಲ್ಕು. ಅವ್ವ ಕೊಟ್ಟ ಹಳೆಯ ಸ್ಟೀಲ್ ಡಬ್ಬಿಗಳು ಹೇಗೂ ಇದ್ದವು.

ಆನ್‌ಲೈನ್ ಸೆಟ್ ನೋಡಲು ತುಂಬಾ ಚೆಂದ. ಎಲ್ಲಾ ಚೌಕ, ಒಂದರ ಮೇಲೊಂದು ಕೂರುತ್ತವೆ, ಹೊರಗಿನಿಂದಲೇ ಒಳಗಿನದು ಕಾಣುತ್ತದೆ. ಮೊದಲ ವಾರ ಕಪಾಟಿನ ಬಾಗಿಲು ಸುಮ್ನೆ ತೆಗೆದು ನೋಡುತ್ತಿದ್ದೆ, ಅಷ್ಟು ಇಷ್ಟ ಆಗಿತ್ತು. ಕಂಪನಿ ಹೆಸರು ಬೇಡ. ನಾಲ್ಕನೇ ತಿಂಗಳಿಗೆ ಎರಡು ಬಟನ್ ಒತ್ತಿದರೂ ಕೆಳಗೆ ಇಳಿಯಲಿಲ್ಲ, ಇನ್ನೊಂದು ಒತ್ತಿದರೆ ಮೇಲೆ ಬರಲಿಲ್ಲ. ಈ ಬಟನ್ ಮುಚ್ಚಳದೊಳಗೆ ಒಂದು ಸ್ಪ್ರಿಂಗ್ ಇರುತ್ತದೆ. ಒತ್ತಿದಾಗ ಸುತ್ತಲಿನ ರಬ್ಬರ್ ಹೊರಕ್ಕೆ ಉಬ್ಬಿ ಡಬ್ಬಿಯ ಗೋಡೆಯನ್ನು ಹಿಡಿದುಕೊಳ್ಳುತ್ತದೆ. ಹಿಟ್ಟು, ಪುಡಿ ಆ ಸಂದಿಯಲ್ಲಿ ಸೇರಿದರೆ ಹಿಡಿತ ಹೋಯಿತು. ತೊಳೆಯೋಣ ಅಂದರೆ ನೀರು ಮುಚ್ಚಳದ ಹೊಟ್ಟೆಯೊಳಗೆ ಹೋಗಿ ಕೂರುತ್ತದೆ, ಎರಡು ದಿನ ಬೋರಲು ಹಾಕಿದರೂ ಪೂರ್ತಿ ಆರಲ್ಲ. ಒಣಗಿದೆ ಅಂತ ಮುಚ್ಚಿದ ಡಬ್ಬಿಯಲ್ಲಿ ಮರುದಿನ ನೀರಿನ ಹನಿ ನೋಡಿದ್ದೇನೆ. ಬಟನ್ ಡಬ್ಬಿಯೇ ತಗೊಳ್ಳುವುದಾದರೆ ಮುಚ್ಚಳ ಬಿಚ್ಚಿ ಭಾಗ ಭಾಗ ಮಾಡಿ ತೊಳೆಯಲು ಬರುವಂಥದ್ದನ್ನೇ ತಗೊಳ್ಳಿ, ಬಿಚ್ಚಲು ಬರದಿದ್ದರೆ ಕೈ ಹಾಕಬೇಡಿ.

ಪಾತ್ರೆ ಅಂಗಡಿಯ ಅನುಭವ ಬೇರೆಯೇ. ಏರ್‌ಟೈಟ್ ಡಬ್ಬಿ ಬೇಕು ಅಂದೆ. ಅಂಗಡಿಯವರು ಒಂದು ಡಬ್ಬಿ ತೆಗೆದು, ಅರ್ಧ ನೀರು ತುಂಬಿ, ನಾಲ್ಕೂ ಲಾಕ್ ಹಾಕಿ, ನನ್ನ ಕೈಗೇ ಕೊಟ್ಟರು. "ಬೋರಲ ಮಾಡಿ ಅಳ್ಳಾಡಸ್ರಿ ಅಕ್ಕಾರ, ಒಂದ್ ಹನಿ ಬಿದ್ರೂ ಬ್ಯಾಡ ಬಿಡ್ರಿ" ಅಂದರು. ಬೀಳಲಿಲ್ಲ. ಆರಕ್ಕೆ ಆರೂ ಹಾಗೆಯೇ ನೋಡಿದೆ, ಐದು ಸರಿ ಇದ್ದವು, ಒಂದರ ಮೂಲೆಯಿಂದ ನೀರು ಜಿನುಗಿತು, ಅದನ್ನು ಬದಲಾಯಿಸಿ ಕೊಟ್ಟರು. ಒಂದೇ ಮಾಲು, ಒಂದೇ ಪೆಟ್ಟಿಗೆಯಿಂದ ಬಂದದ್ದು, ಆದರೂ ಒಂದರಲ್ಲಿ ದೋಷ ಇತ್ತು ನೋಡಿ. ಆನ್‌ಲೈನ್‌ನಲ್ಲಿ ತರಿಸಿದರೂ ಬಂದ ದಿನವೇ ಹೀಗೆ ನೀರು ಹಾಕಿ ನೋಡಿಬಿಡಿ, ವಾಪಸ್ ಕಳಿಸುವ ದಿನ ಮುಗಿದ ಮೇಲೆ ಗೊತ್ತಾದರೆ ಏನೂ ಮಾಡಲು ಬರಲ್ಲ. ನನಗೆ ಇನ್ನೊಂದು ಪರೀಕ್ಷೆಯೂ ಒಳ್ಳೆಯದು ಅನ್ನಿಸಿತು. ಖಾಲಿ ಡಬ್ಬಿ ಮುಚ್ಚಿ, ತುಂಬಿದ ಬಕೆಟ್‌ನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಎಲ್ಲಿಂದ ಗುಳ್ಳೆ ಏಳುತ್ತದೋ ಅಲ್ಲಿ ಸಂದಿ ಇದೆ.

ಇನ್ನು ರೊಟ್ಟಿ ಪರೀಕ್ಷೆ. ಆಗಸ್ಟ್‌ನಲ್ಲಿ, ಮೂರು ದಿನದಿಂದ ಜಿಟಿಜಿಟಿ ಮಳೆ ಹಿಡಿದಿದ್ದಾಗ ಮಾಡಿದೆ. ನಮ್ಮ ಕಡೆ ಬೇಸಿಗೆಯಲ್ಲಿ ಈ ಪರೀಕ್ಷೆಗೆ ಅರ್ಥವೇ ಇಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿ ಕಾಯುವಾಗ ರೊಟ್ಟಿಯನ್ನು ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಇಟ್ಟರೂ ಕಟಕ್ ಅನ್ನುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಜನವರಿಯಲ್ಲಿ ಹಳ್ಳಿ ಹಳ್ಳಿಗಳಿಂದ ಗಾಡಿಗಟ್ಟಲೆ ರೊಟ್ಟಿ ಬರುತ್ತವಲ್ಲ, ಅವಕ್ಕೆ ಯಾವ ಡಬ್ಬಿ ಇರುತ್ತದೆ ಹೇಳಿ? ಚಳಿಗಾಲದ ಒಣ ಹವೆಯೇ ಕಾಯುತ್ತದೆ. ಡಬ್ಬಿಗೆ ಕೆಲಸ ಬೀಳುವುದು ಮಳೆಗಾಲದಲ್ಲಿ. ಒಂದು ಜೋಳದ ರೊಟ್ಟಿ ಮುರಿದು, ಒಂದೊಂದು ಹಿಡಿ ಮಂಡಕ್ಕಿ ಸೇರಿಸಿ, ನಾಲ್ಕು ನಮೂನೆಯ ಡಬ್ಬಿಯಲ್ಲಿ ಇಟ್ಟು ಏಳು ದಿನ ಬಿಟ್ಟೆ. ಸ್ಟೀಲ್ ಡಬ್ಬಿಯದು ಮೂರನೇ ದಿನಕ್ಕೇ ಮೆತ್ತಗಾಯಿತು. ಮಂಡಕ್ಕಿ ಹಲ್ಲಿಗೆ ಅಂಟುತ್ತಿತ್ತು. ಹಳೆಯ ಸ್ಟೀಲ್ ಡಬ್ಬಿಯ ಮುಚ್ಚಳ ಬಿಗಿಯಾಗಿ ಕೂರುತ್ತದೆ, ಇರುವೆ ಹೋಗಲ್ಲ, ಆದರೆ ಗಾಳಿ ಹೋಗುತ್ತದೆ. ಬಟನ್ ಡಬ್ಬಿಯಲ್ಲಿ ಪರವಾಗಿಲ್ಲ ಅನ್ನುವ ಹಾಗಿತ್ತು. ಗಾಜಿನ ಡಬ್ಬಿಗಳಲ್ಲಿ ಎರಡಕ್ಕೆ ತಿರುಗಿಸುವ ತಗಡಿನ ಮುಚ್ಚಳ, ಒಳಗೆ ತೆಳು ಪದರ. ಅದೂ ಚೆನ್ನಾಗಿ ಹಿಡಿಯಿತು, ಬಾಯಿಯ ತಿರುಪಿನ ಗೆರೆಗಳ ಮೇಲೆ ಒಂದು ಚೂರು ಪುಡಿ ಇಲ್ಲದಿದ್ದರೆ ಮಾತ್ರ. ನಾಲ್ಕು ಲಾಕಿನ ಡಬ್ಬಿ ತೆರೆದು ಏಳನೇ ದಿನ ರೊಟ್ಟಿ ಮುರಿದಾಗ ಪಕ್ಕದ ಕೋಣೆಯಲ್ಲಿದ್ದ ಮಗಳಿಗೆ ಕೇಳಿಸಿತು. ಅವತ್ತೇ ಅದೇ ನಮೂನೆಯವು ಇನ್ನೂ ಬೇಕು ಅಂತ ತೀರ್ಮಾನ ಮಾಡಿದೆ.

ಇಷ್ಟಾದ ಮೇಲೂ ಒಂದು ದೊಡ್ಡ ಪಾಠ ಬಾಕಿ ಇತ್ತು.

ನವೆಂಬರ್‌ನಲ್ಲಿ ಊರಿಂದ, ಅಂದರೆ ಲಿಂಗಸುಗೂರು ತಾಲೂಕಿನ ನಮ್ಮ ತವರಿನಿಂದ, ಅವ್ವ ಎರಡು ಕೆಜಿ ಹೆಸರು ಕಾಳು ಕಳಿಸಿದ್ದಳು. ಹೊಲದ್ದು. ನಂಬಿಕೆಯ ನಾಲ್ಕು ಲಾಕಿನ ಡಬ್ಬಿ, ಐದು ಲೀಟರಿನದು, ಅದರಲ್ಲಿ ಸುರುವಿ ಮುಚ್ಚಿಟ್ಟೆ. ವಾರಕ್ಕೆ ಎರಡು ಸಲ ತೆಗೆಯುತ್ತಿದ್ದೆ. ಒಂದೂವರೆ ತಿಂಗಳಿಗೆ ಒಂದು ದಿನ ಮುಚ್ಚಳ ಎತ್ತಿದರೆ ಒಳಗೋಡೆಯ ಮೇಲೆ ಕಂದು ಬಣ್ಣದ ಹುಳಗಳು ಹತ್ತುತ್ತಿದ್ದವು. ಕಾಳನ್ನು ಅಂಗೈಯಲ್ಲಿ ಹರಡಿ ಕಿಟಕಿ ಹತ್ತಿರ ಹಿಡಿದು ನೋಡಿದೆ. ಸೂಜಿಯಿಂದ ಕೊರೆದ ಹಾಗೆ ದುಂಡು ತೂತು, ತೂತಿನ ಸುತ್ತ ಸಣ್ಣ ಪುಡಿ. ಇನ್ನೂ ತೂತು ಬೀಳದ ಕಾಳುಗಳ ಮೈಮೇಲೆ ಬಿಳಿ ಚುಕ್ಕಿ, ಸುಣ್ಣದ ನೀರು ಚಿಮುಕಿಸಿದ ಹಾಗೆ, ಉಗುರಿನಿಂದ ಕೆರೆದರೆ ಎದ್ದು ಬರುತ್ತವೆ. ಅವು ಮೊಟ್ಟೆ. ಎರಡು ಕೆಜಿ ಕಾಳು, ಅವ್ವ ಬಿಸಿಲಲ್ಲಿ ಕೂತು ಬಡಿದು ಕೇರಿ ಕಳಿಸಿದ್ದು, ದನಕ್ಕೆ ಹಾಕಬೇಕಾಯಿತು. ಬಹಳ ಸಂಕಟ ಆಯಿತು.

ಡಬ್ಬಿ ಸರಿ ಇಲ್ಲ ಅಂತ ಸಿಟ್ಟಲ್ಲೇ ಅವ್ವನಿಗೆ ಫೋನ್ ಮಾಡಿದೆ. ಅವಳು ಕೇಳಿದ್ದು ಒಂದೇ. "ಡಬ್ಬಿ ಎಷ್ಟ್ ತುಂಬಿದ್ದಿ?" ಅರ್ಧ ಅಂದೆ. "ಹಗೇವು ಅರ್ಧ ತುಂಬಿ ಮುಚ್ಚತಿದ್ರೇನವ್ವಾ? ಬಾಯಿ ಮಟ ತುಂಬತಿದ್ರು."

ಹಗೇವು ಅಂದರೆ ನೆಲದೊಳಗೆ ತೋಡಿದ ಜೋಳದ ಗುಂಡಿ. ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ, ಮುತ್ಯಾನ ಕಾಲದಲ್ಲಿ ಪ್ರತಿ ಊರಲ್ಲೂ ಇದ್ದವು. ಒಳಗೆ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು ಸಹ ಉಸಿರಾಡುತ್ತದೆ, ಹುಳವೂ ಉಸಿರಾಡುತ್ತದೆ. ಇದ್ದಷ್ಟು ಗಾಳಿಯ ಆಮ್ಲಜನಕ ಖರ್ಚಾದ ಮೇಲೆ ಹುಳ ಬದುಕಲ್ಲ. ಅದಕ್ಕೇ ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಆರದೇ ಇದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ನೋಡಿ, ನಾವು ಈಗ ಏರ್‌ಟೈಟ್ ಅಂತ ದುಡ್ಡು ಕೊಟ್ಟು ತರುವುದು ಅದನ್ನೇ. ನಾನು ಮಾಡಿದ ತಪ್ಪು ಏನು ಅಂದರೆ, ಐದು ಲೀಟರ್ ಡಬ್ಬಿಯಲ್ಲಿ ಎರಡು ಕೆಜಿ ಹಾಕಿ ಉಳಿದ ಜಾಗದ ತುಂಬಾ ಗಾಳಿ ಬಿಟ್ಟೆ, ವಾರಕ್ಕೆರಡು ಸಲ ತೆರೆದು ಹೊಸ ಗಾಳಿಯನ್ನೂ ಕೊಟ್ಟೆ. ಹುಳ ಹೊರಗಿನಿಂದ ಬಂದಿರಲಿಲ್ಲ, ಹೊಲದಿಂದಲೇ ಮೊಟ್ಟೆಯಾಗಿ ಬಂದಿತ್ತು. ಬಿಗಿ ಮುಚ್ಚಳ ಹೊರಗಿನ ಹುಳವನ್ನು ತಡೆಯುತ್ತದೆ, ಒಳಗೇ ಕೂತಿರುವ ಮೊಟ್ಟೆಗೆ ಅದು ಏನು ಮಾಡೀತು? ಅಕ್ಕಿಯದು ಇನ್ನೂ ಕಷ್ಟ, ಅಕ್ಕಿಯ ನುಸಿ ಮೊಟ್ಟೆಯನ್ನು ಕಾಳಿನ ಒಳಗೇ ಇಡುತ್ತದೆ, ಹೊರಗೆ ಏನೂ ಕಾಣಲ್ಲ.

ಆಗಿನಿಂದ ಎರಡು ಬದಲಾವಣೆ ಮಾಡಿದೆ. ಮೊದಲನೆಯದು, ಊರಿಂದ ಬಂದ ಬೇಳೆಕಾಳು ಏನೇ ಇರಲಿ, ಡಬ್ಬಿಗೆ ಹೋಗುವ ಮುಂಚೆ ಮಾಳಿಗೆ ಮೇಲೆ ಎರಡು ದಿನ ಖಡಕ್ ಬಿಸಿಲು ಕಾಣಬೇಕು, ಆಮೇಲೆ ಪೂರ್ತಿ ಆರಬೇಕು. ಸ್ವಲ್ಪ ಇದ್ದರೆ ಫ್ರೀಜರ್‌ನಲ್ಲಿ ನಾಲ್ಕೈದು ದಿನ ಇಟ್ಟರೂ ಆಗುತ್ತದೆ, ಹೊರಗೆ ತೆಗೆದು ತಣ್ಣಗಿರುವಾಗ ಚೀಲ ಬಿಚ್ಚಬೇಡಿ, ನೀರು ಹಿಡಿಯುತ್ತದೆ. ಅಕ್ಕಿಯನ್ನು ಮಾತ್ರ ಬಿಸಿಲಿಗೆ ಹಾಕಬೇಡಿ, ಸೀಳು ಬಿಟ್ಟು ನುಚ್ಚಾಗುತ್ತದೆ, ನೆರಳಲ್ಲಿ ಹರಡಿದರೆ ಸಾಕು. ಎರಡನೆಯದು, ದೊಡ್ಡ ಡಬ್ಬಿ ಬಿಟ್ಟು ಸಾಮಾನಿಗೆ ತಕ್ಕ ಅಳತೆಯ ಡಬ್ಬಿ. ಬಾಯಿ ಮಟ ತುಂಬಬೇಕು. ದಿನ ಬಳಕೆಗೆ ಚಿಕ್ಕದೊಂದು, ದಾಸ್ತಾನಿಗೆ ಇನ್ನೊಂದು, ದಾಸ್ತಾನಿನದು ತಿಂಗಳಿಗೊಮ್ಮೆ ಮಾತ್ರ ತೆರೆಯುವುದು. ಈ ಗಾಳಿ ಕಡಿಮೆ ಮಾಡುವ ವಿಚಾರ ಡಬ್ಬಿ ಮಾಡುವವರಿಗೂ ಹೊಸದಲ್ಲ, ಮುಚ್ಚಳದ ನಡುವೆ ಒತ್ತಿ, ಅಂಚು ಸ್ವಲ್ಪ ಎತ್ತಿ, ಗಾಳಿ ಹೊರಗೆ ಬಿಟ್ಟು ಮುಚ್ಚುವ ಡಬ್ಬಿಗಳನ್ನು ಅಮೆರಿಕದ ಟಪ್ಪರ್‌ವೇರ್ 1940ರ ದಶಕದಲ್ಲೇ ತಂದಿತ್ತು.

ಅಳತೆಯ ಲೆಕ್ಕ ನಾನು ಮನೆಯಲ್ಲೇ ತೂಗಿ ನೋಡಿದ್ದು ಇಷ್ಟು. ಒಂದು ಕೆಜಿ ಸೋನಾ ಮಸೂರಿ ಅಕ್ಕಿ ಅಥವಾ ತೊಗರಿ ಬೇಳೆಗೆ ಒಂದೂಕಾಲು ಲೀಟರಿನ ಆಸುಪಾಸು ಜಾಗ ಬೇಕು. ಒಂದು ಕೆಜಿ ಹಿಟ್ಟಿಗೆ ಎರಡು ಲೀಟರ್ ಹತ್ತಿರ. ಕಾಲು ಕೆಜಿ ಮಂಡಕ್ಕಿಗೆ ಮೂರು ಲೀಟರಿನ ಡಬ್ಬಿಯೇ ಬೇಕಾಯಿತು. ಡಬ್ಬಿಯ ಮೇಲೆ ಬರೆದ ಲೀಟರ್ ನೋಡಿ ಕೆಜಿ ಅಂದುಕೊಂಡರೆ ಮೋಸ ಹೋಗುತ್ತೇವೆ. ಚೌಕ ಒಳ್ಳೆಯದಾ ದುಂಡು ಒಳ್ಳೆಯದಾ ಅಂತ ಅತ್ತಿಗೆ ಕೇಳಿದರು. ಕಪಾಟು ಸಣ್ಣದಿದ್ದರೆ ಚೌಕ. ಒಂದು ಚೌಕದ ಜಾಗದಲ್ಲಿ ದುಂಡು ಡಬ್ಬಿ ಇಟ್ಟರೆ ನೂರಕ್ಕೆ ಇಪ್ಪತ್ತು ಪಾಲಿಗಿಂತ ಜಾಸ್ತಿ ಜಾಗ ಮೂಲೆಗಳಲ್ಲೇ ಹೋಗುತ್ತದೆ. ಆದರೆ ದುಂಡು ಡಬ್ಬಿಯ ಒಳಗೆ ಮೂಲೆ ಇಲ್ಲ, ಹಿಟ್ಟು ಕೂರಲ್ಲ, ಒರೆಸುವುದು ಸುಲಭ. ನನ್ನಲ್ಲಿ ಹಿಟ್ಟಿನವು ದುಂಡು, ಉಳಿದವು ಚೌಕ.

ಹಿಟ್ಟಿನ ಮಾತು ಬಂತಲ್ಲ, ಅದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಗಿರಣಿಯಿಂದ ಬಂದ ಜೋಳದ ಹಿಟ್ಟು ಬಿಸಿ ಇರುತ್ತದೆ, ಕೈ ಹಾಕಿದರೆ ಸುಡುವ ಹಾಗೆ. ಅದನ್ನು ಹಾಗೆಯೇ ಏರ್‌ಟೈಟ್ ಡಬ್ಬಿಗೆ ಹಾಕಿ ಲಾಕ್ ಮಾಡಿದರೆ ಒಂದು ತಾಸಿಗೆ ಮುಚ್ಚಳದ ಒಳಗೆ ಬೆವರು, ಮರುದಿನ ಹಿಟ್ಟಿನಲ್ಲಿ ಗಂಟು, ನಾಲ್ಕು ದಿನಕ್ಕೆ ಮುಗ್ಗು ವಾಸನೆ. ಹಳೆಯ ಸ್ಟೀಲ್ ಡಬ್ಬಿಯಲ್ಲಿ ಈ ತೊಂದರೆ ಇಷ್ಟು ಕಾಣುತ್ತಿರಲಿಲ್ಲ, ಆವಿ ಹೊರಗೆ ಹೋಗುತ್ತಿತ್ತು. ಡಬ್ಬಿ ಬಿಗಿ ಆದಷ್ಟೂ ನಮ್ಮ ಎಚ್ಚರ ಜಾಸ್ತಿ ಆಗಬೇಕು. ಈಗ ಹಿಟ್ಟು ಬಂದ ಕೂಡಲೇ ಅಗಲ ತಾಟಿನಲ್ಲಿ ಹರಡಿ, ತೆಳು ಬಟ್ಟೆ ಮುಚ್ಚಿ, ರಾತ್ರಿ ತುಂಬುತ್ತೇನೆ. ಹುರಿದ ಶೇಂಗಾ, ಗುರೆಳ್ಳು ಚಟ್ನಿಪುಡಿ, ಹಪ್ಪಳ, ಎಲ್ಲಕ್ಕೂ ಇದೇ ಮಾತು. ಇನ್ನು ಸಜ್ಜೆ ಹಿಟ್ಟಿಗೆ ಯಾವ ಡಬ್ಬಿಯನ್ನೂ ನೆಚ್ಚಿಕೊಳ್ಳಬೇಡಿ. ಸಜ್ಜೆಯಲ್ಲಿ ಎಣ್ಣೆ ಅಂಶ ಜಾಸ್ತಿ, ಬೀಸಿದ ಕೆಲವೇ ದಿನಕ್ಕೆ ಕಹಿ ಆಗುತ್ತದೆ. ಎಳ್ಳಮಾವಾಸ್ಯೆ, ಸಂಕ್ರಾಂತಿ ಹೊತ್ತಿಗೆ ಸಜ್ಜೆ ರೊಟ್ಟಿ ಮಾಡುವಾಗ ಬೇಕಾದಷ್ಟೇ ಬೀಸಿಸಿ, ಉಳಿದದ್ದು ಕಾಳಾಗಿಯೇ ಇರಲಿ.

ಡಬ್ಬಿ ಯಾವುದರಿಂದ ಮಾಡಿದ್ದು ಅನ್ನುವುದಕ್ಕೆ ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1 ಅಂದರೆ ಪೆಟ್, ತಿಳಿಯಾಗಿ ಗಾಜಿನ ಹಾಗೆ ಕಾಣುತ್ತದೆ, ಅಗ್ಗ, ಒಣ ಬೇಳೆಗೆ ಚೆನ್ನಾಗಿದೆ, ಕುದಿಯುವ ನೀರು ಹಾಕಿದರೆ ಮುದುಡಿ ಹೋಗುತ್ತದೆ. 5 ಅಂದರೆ ಪಾಲಿಪ್ರೊಪಿಲೀನ್, ಸ್ವಲ್ಪ ಮಬ್ಬು, ಬಿಸಿ ತಡೆಯುತ್ತದೆ, ನನ್ನ ಲಾಕಿನ ಡಬ್ಬಿಗಳು ಇದೇ. 7 ಅಂದರೆ ಉಳಿದ ಎಲ್ಲವೂ ಸೇರಿದ ಗುಂಪು, ಯಾವ ಪ್ಲಾಸ್ಟಿಕ್ ಅಂತ ಪೆಟ್ಟಿಗೆ ಮೇಲೆ ಬರೆದಿದ್ದರೆ ಮಾತ್ರ ತಗೊಳ್ಳುತ್ತೇನೆ. ಅಂಕಿಯೂ ಇಲ್ಲ, ತಿನ್ನುವ ಸಾಮಾನಿಗೆ ಆಗುತ್ತದೆ ಅಂತ ಹಾಕುವ ಲೋಟ-ಫೋರ್ಕಿನ ಗುರುತೂ ಇಲ್ಲ ಅಂದರೆ ತಿನ್ನುವ ಸಾಮಾನಿಗೆ ಬೇಡ. ಸ್ಟೀಲಿನಲ್ಲಿ 304 ಅನ್ನುವ ದರ್ಜೆಯದನ್ನು ಕೇಳಿ ತಗೊಳ್ಳಿ. ಅಂಟದಿದ್ದರೆ ಒಳ್ಳೆಯದು ಅಂತ ಆಯಸ್ಕಾಂತ ಹಿಡಿದು ನೋಡುವ ರೂಢಿ ಇದೆ, ಆದರೆ ಅಗ್ಗದ 202 ಕೂಡ ಆಯಸ್ಕಾಂತಕ್ಕೆ ಅಂಟಲ್ಲ, ಅದನ್ನೊಂದೇ ನಂಬಬೇಡಿ.

ಯಾವುದಕ್ಕೆ ಯಾವುದು ಅಂತ ನನ್ನ ಕಪಾಟು ಹೇಳುವುದಾದರೆ, ದುಬಾರಿ ಲಾಕಿನ ಡಬ್ಬಿ ಎಲ್ಲಕ್ಕೂ ಬೇಕಿಲ್ಲ. ಗರಿಗರಿ ಇರಬೇಕಾದದ್ದಕ್ಕೆ ಬೇಕು: ರೊಟ್ಟಿ, ಮಂಡಕ್ಕಿ, ಅವಲಕ್ಕಿ, ಹಪ್ಪಳ, ಸಂಡಿಗೆ. ಚಟ್ನಿಪುಡಿ, ಇಂಗು, ಮಸಾಲೆ ಗಾಜಿಗೆ, ಯಾಕೆಂದರೆ ಪ್ಲಾಸ್ಟಿಕ್ ಅವುಗಳ ವಾಸನೆಯನ್ನು ಹಿಡಿದುಕೊಂಡು ಬಿಡಲ್ಲ. ವರ್ಷದ ಖಾರದ ಪುಡಿ ಸ್ಟೀಲಿಗೆ. ಬ್ಯಾಡಗಿ ಮೆಣಸಿನಕಾಯಿ ತಗೊಳ್ಳುವುದೇ ಬಣ್ಣಕ್ಕೆ, ಗಾಜಿನ ಡಬ್ಬಿಯಲ್ಲಿ ಬೆಳಕಿಗೆ ಇಟ್ಟರೆ ಆ ಬಣ್ಣವೇ ಹೋಗುತ್ತದೆ. ನಾನು ಒಂದು ಬಾಟಲಿ ಕಿಟಕಿ ಕಟ್ಟೆ ಮೇಲೆ ಮರೆತು, ಕಿಟಕಿ ಕಡೆಯದು ಇಟ್ಟಿಗೆ ಪುಡಿ ಬಣ್ಣ, ಹಿಂದಿನದು ಕೆಂಪಗೆ ಇದ್ದದ್ದನ್ನು ಕಣ್ಣಾರೆ ನೋಡಿದೆ. ಉಪ್ಪು ಸ್ಟೀಲಿಗೆ ಹಾಕಬೇಡಿ, ತುಕ್ಕಿನ ಚುಕ್ಕಿ ಬೀಳುತ್ತದೆ, ಅದಕ್ಕೆ ಭರಣಿಯೇ ಸರಿ. ಅಕ್ಕಿಗೆ ಅವ್ವನ ದೊಡ್ಡ ಸ್ಟೀಲ್ ಡಬ್ಬಿ ಸಾಕು, ನಮ್ಮದು ನಾಲ್ಕು ಜನರ ಮನೆ, ಹತ್ತು ಕೆಜಿ ತಿಂಗಳೊಳಗೆ ಮುಗಿಯುತ್ತದೆ, ನಾಲ್ಕು ಒಣ ಬೇವಿನ ಎಲೆ ಹಾಕಿಡುತ್ತೇನೆ.

ಕೊನೆಗೆ ರಬ್ಬರ್. ಎಲ್ಲರೂ ರಬ್ಬರ್ ಅನ್ನುತ್ತೇವೆ, ಈಗ ಬರುವುದು ಸಿಲಿಕೋನ್. ಮುಚ್ಚಳದ ಒಳಗಿನ ಆ ತೆಳು ಉಂಗುರವೇ ಡಬ್ಬಿಯ ಜೀವ, ಉಳಿದದ್ದು ಬರೀ ಪಾತ್ರೆ. ಹದಿನೈದು ದಿನಕ್ಕೊಮ್ಮೆ ಚಮಚದ ಹಿಂತುದಿಯಿಂದ, ಚಾಕು ಬೇಡ, ಒಂದು ಮೂಲೆ ಎತ್ತಿ ನಿಧಾನ ಎಳೆದು ತೆಗೆಯುತ್ತೇನೆ. ಮೊದಲ ಸಲ ತೆಗೆದಾಗ ಕೆಳಗಿನ ಕಾಲುವೆಯಲ್ಲಿ ಏನಿತ್ತು ಗೊತ್ತಾ? ಅರಿಶಿನದ ಹಳದಿ ಗೆರೆ, ಅದರ ಮೇಲೆ ಶೇಂಗಾ ಪುಡಿಯ ಜಿಡ್ಡು, ಒಂದು ಕಡೆ ಕಪ್ಪು ಬೂಷ್ಟಿನ ಚುಕ್ಕಿ. ಹೊರಗಿನಿಂದ ಡಬ್ಬಿ ಫಳಫಳ ಹೊಳೆಯುತ್ತಿತ್ತು. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಹತ್ತು ನಿಮಿಷ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕಾಲುವೆ ಉಜ್ಜಿ, ಉಂಗುರ ನೆರಳಲ್ಲಿ ಒಣಗಿಸಿ, ತಿರುಚದ ಹಾಗೆ ವಾಪಸ್ ಕೂರಿಸಬೇಕು. ತೆಳುವಾದ ಕಡೆ ಒಳಗೆ ಬರಬೇಕು, ತಲೆಕೆಳಗಾದರೆ ಲಾಕ್ ಬೀಳುತ್ತದೆ ಆದರೆ ಗಾಳಿ ನಿಲ್ಲಲ್ಲ. ಸರಿಯಾಗಿ ಕೂತಿದೆಯಾ ನೋಡಲು ಒಂದು ಕಾಗದದ ಚೂರು ಮುಚ್ಚಳದ ಸಂದಿಯಲ್ಲಿಟ್ಟು ಲಾಕ್ ಹಾಕಿ ಎಳೆಯಿರಿ. ಸುಲಭವಾಗಿ ಜಾರಿ ಬಂದರೆ ಆ ಮೂಲೆ ಸಡಿಲ. ಕೊಳ್ಳುವಾಗಲೇ ಉಂಗುರ ಬಿಡಿಯಾಗಿ ಸಿಗುತ್ತದಾ ಕೇಳಿ. ನಮ್ಮ ಅಂಗಡಿಯವರು ಮೂರು ಹೆಚ್ಚಿನ ಉಂಗುರ ತರಿಸಿಕೊಟ್ಟರು, ಒಂದಕ್ಕೆ ನಲವತ್ತು ರೂಪಾಯಿ. ಆನ್‌ಲೈನ್ ಸೆಟ್‌ನವರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ, ಕೆಟ್ಟ ಮೂರು ಡಬ್ಬಿಯಲ್ಲಿ ಈಗ ಗುಂಡಿ, ಸೂಜಿದಾರ ಇವೆ.

ಲಾಕಿನ ರೆಕ್ಕೆಗಳ ಬಗ್ಗೆ ಒಂದು ಮಾತು. ಒಂದೊಂದೇ ಮೂಲೆ ಹಾಕುವ ಬದಲು ಎದುರುಬದುರು ಎರಡನ್ನು ಒಟ್ಟಿಗೆ ಹಾಕಿದರೆ ಉಂಗುರದ ಮೇಲೆ ಭಾರ ಸಮ ಬೀಳುತ್ತದೆ, ರೆಕ್ಕೆ ಮುರಿಯುವುದೂ ಕಡಿಮೆ. ನಮ್ಮ ಆರರಲ್ಲಿ ವರ್ಷಕ್ಕೆ ಒಂದೂ ಮುರಿದಿಲ್ಲ.

ಹೆಸರು ಕಾಳು ಈ ವರ್ಷವೂ ಬಂದಿದೆ. ಮಾಳಿಗೆ ಮೇಲೆ ಒಣಗಿಸಿ, ಆರಿಸಿ, ಒಂದೂಕಾಲು ಲೀಟರಿನ ಎರಡು ಡಬ್ಬಿಗೆ ಬಾಯಿ ಮಟ ತುಂಬಿ, ತಳಕ್ಕೆ ಅಂಟುಪಟ್ಟಿ ಹಚ್ಚಿ ತಾರೀಖು ಬರೆದಿಟ್ಟಿದ್ದೇನೆ. ಒಂದನ್ನು ಮೂರು ತಿಂಗಳಾದ ಮೇಲೆ ಮೊನ್ನೆ ತೆರೆದೆ. ಒಂದು ಹಿಡಿ ತೆಗೆದು ಕಿಟಕಿ ಹತ್ತಿರ ಹೋಗಿ ತಿರುವಿ ತಿರುವಿ ನೋಡಿದೆ, ತೂತಿಲ್ಲ, ಚುಕ್ಕಿಯಿಲ್ಲ. ಅವ್ವನಿಗೆ ಫೋನ್ ಮಾಡಿ ಹೇಳಿದೆ. ತನಗೂ ಅಂಥವು ಎರಡು ಬೇಕಂತೆ, ಅಗಸೆ ಚಟ್ನಿಗೆ. ಭಾನುವಾರ ತೀನ್ ಕಂದೀಲಿಗೆ ಹೋಗಬೇಕು.